ಶಾಲೆ ಒಂದೇ ಕಿಲೊಮೀಟರ್, ಮಗು ತಲುಪುವುದು ಹೇಗೆ?

ರಾಯಬಾಗ, ಅಥಣಿ, ಚಿಕ್ಕೋಡಿ ತಾಲ್ಲೂಕುಗಳ ಸರ್ಕಾರಿ ಶಾಲೆಗಳ ಪಟ್ಟಿಯಲ್ಲಿ ‘ತೋಟ’ ಎಂದು ಕೊನೆಗೊಳ್ಳುವ ಹೆಸರುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಇಲ್ಲಿನ ಅನೇಕ ರೈತ ಕುಟುಂಬಗಳು ಊರೊಳಗೆ ಇರುವುದಿಲ್ಲ. ಕಬ್ಬಿನ ಹೊಲದ ನಡುವೆ, ಬಾವಿಯ ಬದಿಯಲ್ಲಿ ಮನೆ ಕಟ್ಟಿಕೊಂಡಿವೆ. ಮಕ್ಕಳು ದೂರ ನಡೆಯಬಾರದೆಂದು ಸರ್ಕಾರ ಶಾಲೆಯನ್ನೇ ತೋಟಕ್ಕೆ ಒಯ್ದಿತು. ಅದು ಮೆಚ್ಚತಕ್ಕ ಕೆಲಸವೇ. ಆದರೆ ಕಿರಿಯ ಪ್ರಾಥಮಿಕ ತರಗತಿಗಳು ಮುಗಿದ ಮೇಲೆ ಊರಿನ ಶಾಲೆಗೆ ಹೋಗಬೇಕು. ದಾರಿಯೆಂದರೆ ಎರೆಮಣ್ಣಿನ ಬಂಡಿಜಾಡು. ಮಳೆಗಾಲದಲ್ಲಿ ಅದು ಕೆಸರು, ಕಬ್ಬು ಕಟಾವಿನ ದಿನಗಳಲ್ಲಿ ಟ್ರ್ಯಾಕ್ಟರ್‌ಗಳ ಸಾಲು.

ಸೆರೆಬ್ರಲ್ ಪಾಲ್ಸಿಯುಳ್ಳ ಮಗುವನ್ನು ಈ ದಾರಿಯಲ್ಲಿ ತಾಯಿ ಎತ್ತಿಕೊಂಡು ಹೋಗಬಲ್ಲಳು. ಆರು ವರ್ಷದವರೆಗೆ ಸರಿ, ಎಂಟರವರೆಗೂ ಹೇಗೋ ಸರಿ. ಹತ್ತು–ಹನ್ನೊಂದರ ಹೊತ್ತಿಗೆ ಮಗುವಿನ ಭಾರ ತಾಯಿಯ ಸೊಂಟಕ್ಕೆ ಮೀರುತ್ತದೆ. ಶಾಲೆ ನಿಲ್ಲುವುದು ಅಲ್ಲಿ. ಕಲಿಯಲಾಗದೆ ಬಿಟ್ಟ ಮಗುವಲ್ಲ ಅದು, ತಲುಪಲಾಗದೆ ಬಿಟ್ಟದ್ದು.

ಕಾನೂನಿನಲ್ಲಿ ಇದಕ್ಕೆ ಉತ್ತರವಿಲ್ಲವೆಂದಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ ಒಂದರಿಂದ ಐದನೇ ತರಗತಿಗೆ ಒಂದು ಕಿಲೊಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೊಮೀಟರ್ ಎಂದು ‘ನೆರೆಹೊರೆ’ಯನ್ನು ಅಳೆದ ಕೇಂದ್ರದ 2010ರ ಮಾದರಿ ನಿಯಮಗಳೇ, ಅಂಗವೈಕಲ್ಯದ ಕಾರಣ ಶಾಲೆಗೆ ಬರಲಾಗದ ಮಗುವಿಗೆ ಸುರಕ್ಷಿತ ಸಾರಿಗೆ ಒದಗಿಸಬೇಕೆಂದೂ ಹೇಳಿದವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಕಲಮು ಇನ್ನೂ ಮುಂದೆ ಹೋಗಿ, ಹೆಚ್ಚಿನ ನೆರವು ಬೇಕಾದ ಮಗುವಿನ ಜೊತೆಗಾರರಿಗೂ ವಾಹನ ಸೌಲಭ್ಯವಿರಬೇಕೆಂದಿದೆ. ಇಂಗ್ಲೆಂಡಿನಲ್ಲಿಯೂ ಅಂಗವೈಕಲ್ಯದಿಂದಾಗಿ ಶಾಲೆಗೆ ನಡೆದು ಹೋಗಲಾಗದ ಮಗುವಿಗೆ, ಶಾಲೆ ಹತ್ತಿರವೇ ಇದ್ದರೂ, ಉಚಿತ ಸಾರಿಗೆ ಸ್ಥಳೀಯ ಆಡಳಿತದ ಹೊಣೆ. ಬರಹದಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ.

ಹಿಂದೆ ಬಿದ್ದಿರುವುದು ಲೆಕ್ಕದಲ್ಲಿ. ಸಮಗ್ರ ಶಿಕ್ಷಣ ಯೋಜನೆಯು ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ ಗರಿಷ್ಠ 3,500 ರೂಪಾಯಿ ಎಂದು ಗೊತ್ತುಪಡಿಸಿತು. ಸಾಧನ ಸಲಕರಣೆ, ಕಲಿಕಾ ಸಾಮಗ್ರಿ, ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಎಲ್ಲವೂ ಅದರಲ್ಲೇ. ವರ್ಷದ 220 ಶಾಲಾ ದಿನಗಳಿಗೆ ಹಂಚಿದರೆ ದಿನಕ್ಕೆ 16 ರೂಪಾಯಿಯೂ ಆಗುವುದಿಲ್ಲ. ಆ ಹಣಕ್ಕೆ ತೋಟದ ಮನೆಯ ಬಾಗಿಲಿಗೆ ಯಾವ ಆಟೊ ಬಂದೀತು? ಭತ್ಯೆ ಕೈಗೆ ಬಂದರೂ ಮಾರುಕಟ್ಟೆಯಲ್ಲಿ ಕೊಳ್ಳಲು ವಾಹನ ಸೇವೆಯೇ ಇಲ್ಲದ ಕಡೆ ಅದು ಸಮಾಧಾನಧನ ಮಾತ್ರ.

ಇನ್ನು ಬಸ್ಸು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಚಿಕ್ಕೋಡಿಯಲ್ಲಿ ವಿಭಾಗವೇ ಇದೆ. ಅಂಗವಿಕಲರಿಗೆ ರಿಯಾಯಿತಿ ಪಾಸು ಇದೆ. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಿಂದ ಜೊತೆಗೆ ಹೋಗುವ ತಾಯಿಗೂ ಟಿಕೆಟ್ಟಿನ ಖರ್ಚಿಲ್ಲ. ಆದರೆ ಬಸ್ಸು ನಿಲ್ಲುವುದು ಡಾಂಬರು ರಸ್ತೆಯಲ್ಲಿ, ಮೆಟ್ಟಿಲುಗಳು ಎತ್ತರ, ಶಾಲೆಯ ಹೊತ್ತಿಗೆ ಕಾಲಿಡಲು ಜಾಗವಿಲ್ಲ. ನಿಪ್ಪಾಣಿಯ ಬೀಡಿ ಕಟ್ಟುವ ತಾಯಿಯ ಮಾತಂತೂ ಬೇರೆ. ಅವಳ ಕೂಲಿ ಸಾವಿರ ಬೀಡಿಯ ಲೆಕ್ಕದ್ದು. ಬೆಳಿಗ್ಗೆ ಬಿಟ್ಟು ಬಂದು ಸಂಜೆ ಕರೆತರುವ ನಾಲ್ಕು ಹಾದಿಗಳಲ್ಲಿ ಎಷ್ಟು ಬೀಡಿ ಕಳೆದವೆಂಬುದು ಅವಳಿಗೇ ಗೊತ್ತು.

ಮಳೆಗಾಲದ ಕಷ್ಟ ಇನ್ನೊಂದು. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಜೋರಾದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಮೇಲಿನ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ ಮೊದಲಾದ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. ನೆಟ್ಟಗಿರುವ ಮಕ್ಕಳು ಸುತ್ತು ಹಾಕಿಕೊಂಡು ಹೇಗೋ ಹೋಗುತ್ತಾರೆ. ಗಾಲಿಕುರ್ಚಿಯ ಮಗು ವಾರಗಟ್ಟಲೆ ಮನೆಯಲ್ಲೇ. 2019ರಂಥ ಮಹಾಪೂರ ಬಂದರೆ ಕೇಳುವುದೇ ಬೇಡ.

ಇಂಥ ಮಗುವನ್ನು ‘ಗೃಹಾಧಾರಿತ ಶಿಕ್ಷಣ’ದ ಪಟ್ಟಿಗೆ ಸೇರಿಸಿಬಿಡುವುದು ಸುಲಭದ ದಾರಿ. ತೀವ್ರ ಹಾಗೂ ಬಹುವಿಧ ಅಂಗವೈಕಲ್ಯವುಳ್ಳ ಮಗು ಮನೆಯಲ್ಲೇ ಕಲಿಯುವುದನ್ನು ಆಯ್ದುಕೊಳ್ಳಬಹುದೆಂದು 2012ರ ತಿದ್ದುಪಡಿ ಹೇಳಿತು. ಆಯ್ಕೆ ಮಗುವಿನದು, ವಾಹನವಿಲ್ಲದ ಇಲಾಖೆಯದಲ್ಲ. ಸಂಪನ್ಮೂಲ ಶಿಕ್ಷಕರು ಅಪರೂಪಕ್ಕೊಮ್ಮೆ ಮನೆಗೆ ಬಂದು ಹೋಗುವುದು ಓರಗೆಯ ಮಕ್ಕಳ ಜೊತೆ ಬೆಂಚಿನಲ್ಲಿ ಕುಳಿತುಕೊಳ್ಳುವುದಕ್ಕೆ ಸಮನಾಗದು.

ಮಾಡಬಹುದಾದದ್ದು ದೊಡ್ಡದೇನಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಪ್ರತಿ ಕ್ಷೇತ್ರ ಸಂಪನ್ಮೂಲ ಕೇಂದ್ರವೂ ಶಾಲೆಯಿಂದಲ್ಲ, ಮನೆಯಿಂದ ನಕ್ಷೆ ಬರೆಯಲಿ. ಯಾವ ತೋಟದಲ್ಲಿ ಯಾವ ಮಗು ಇದೆ ಎಂಬುದು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ತಿಳಿದಿರುತ್ತದೆ. ನಾಲ್ಕಾರು ಮಕ್ಕಳ ಭತ್ಯೆಯನ್ನು ಕೂಡಿಸಿ, ಪಂಚಾಯಿತಿಗಳು ಅಂಗವಿಕಲರಿಗೆಂದು ಮೀಸಲಿಡಬೇಕಾದ ಶೇ 5ರ ಹಣವನ್ನೂ ಸೇರಿಸಿದರೆ ಒಂದು ವಾಹನವನ್ನು ತಿಂಗಳ ಬಾಡಿಗೆಗೆ ಗೊತ್ತುಮಾಡಬಹುದು. ಅದರಲ್ಲಿ ಹತ್ತಿಸಿ ಇಳಿಸಲು ಒಬ್ಬ ಆಯಾ ಇರಲಿ. ತೋಟದ ದಾರಿಗೆ ಒಂದೆರಡು ಲೋಡು ಗರಸು ಬೀಳಲಿ. ಕೂಡಿಸಿದ ಹಣ ಸಾಲದ ಕಡೆ ಉಳಿದದ್ದನ್ನು ರಾಜ್ಯ ತುಂಬಬೇಕು, ಕಾಯ್ದೆ ಹೊಣೆ ಹೊರಿಸಿರುವುದು ಪೋಷಕರ ಮೇಲಲ್ಲ.

ಈ ಪಟ್ಟಿ ಏಪ್ರಿಲ್–ಮೇ ರಜೆಯಲ್ಲೇ ಸಿದ್ಧವಾಗಬೇಕು. ಶಾಲೆ ತೆರೆದ ಮೇಲೆ ಟೆಂಡರ್ ಕರೆದರೆ, ಕಡತ ಸಹಿಯಾಗಿ ಬರುವ ಹೊತ್ತಿಗೆ ಯಡೂರಿನ ಸೇತುವೆಯ ಮೇಲೆ ನೀರು ಬಂದಿರುತ್ತದೆ.