ಕಚೇರಿಯಾಗಿದ್ದ ಮನೆ ಮ್ಯೂಸಿಯಂ ಆಯಿತು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯಿಂದ ಮಡಿಕೇರಿಗೆ ಪ್ರವಾಸ ಹೋಗುವ ಕುಟುಂಬಗಳು ರಾಜಾಸೀಟ್ ನೋಡಿ, ಕಾಫಿಪುಡಿ ಕೊಂಡು ಮರಳುತ್ತವೆ. ಮುಂದಿನ ಸಲ ನೀವು ಹೋದಾಗ ‘ಸನ್ನಿ ಸೈಡ್’ಗೂ ಒಂದು ಗಂಟೆ ಮೀಸಲಿಡಿ. 1906ರಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರು ಬಾಲ್ಯ ಕಳೆದ, ಬ್ರಿಟಿಷರ ಕಾಲದ ಮನೆ ಅದು.

1957ರಿಂದ 1961ರವರೆಗೆ ಅವರು ಭೂಸೇನೆಯ ಮುಖ್ಯಸ್ಥರು. ಆದರೆ ಮಕ್ಕಳಿಗೆ ಹೇಳಬೇಕಾದ ಕಥೆ ಬೇರೆಯೇ ಇದೆ. 1953ರಲ್ಲಿ ಕೊರಿಯಾದಲ್ಲಿ ಸ್ವದೇಶಕ್ಕೆ ಮರಳಲೊಪ್ಪದ 20 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ವಿವಾದ ಎದ್ದಾಗ, ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಅದನ್ನು ನಿಭಾಯಿಸಿದವರು ಅವರೇ. ಸೈಪ್ರಸ್‌ನಲ್ಲಿ ಗ್ರೀಕರು ಮತ್ತು ತುರ್ಕರ ನಡುವೆ ಶಾಂತಿ ಕಾಯುವ ವಿಶ್ವಸಂಸ್ಥೆಯ ಪಡೆಯ ನಾಯಕರಾಗಿದ್ದಾಗಲೇ, 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಆ ದ್ವೀಪ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಇತ್ತ ಅವರ ಮನೆಯಲ್ಲಿ ಆರ್.ಟಿ.ಓ. ಕಚೇರಿ ನಡೆಯುತ್ತಿತ್ತು! ಲೈಸನ್ಸಿಗೆಂದು ಬಂದವರಲ್ಲಿ ಎಷ್ಟು ಮಂದಿಗೆ ಅದು ಯಾರ ಮನೆಯೆಂದು ಗೊತ್ತಿತ್ತೋ! ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂನವರು ಬೆನ್ನು ಬಿಡದೆ ಸರ್ಕಾರವನ್ನು ಒತ್ತಾಯಿಸಿದರು. ಕೊನೆಗೆ 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಮ್ಯೂಸಿಯಂ ಉದ್ಘಾಟಿಸಿದರು. ಅಂಗಳದಲ್ಲಿರುವ ಯುದ್ಧಟ್ಯಾಂಕಿನ ಎದುರು ಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ, ಒಳಗಿನ ಕೋಣೆಗಳಿಗೂ ಕರೆದೊಯ್ಯಿರಿ.

ಜಗಳೂರಿನವರೇ, ನಿಮ್ಮೂರಿನ ಜೆ. ಮಹಮ್ಮದ್ ಇಮಾಂ ಸಾಹೇಬರು 1957ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆರಿಸಿ ಹೋದವರು. ಅವರ ಕಾಲದ ಪತ್ರ, ಫೋಟೊ, ಕರಪತ್ರ ನಿಮ್ಮ ಅಟ್ಟದ ಟ್ರಂಕಿನಲ್ಲಿದ್ದರೆ ಈ ಸಲ ಸುಣ್ಣ ಬಳಿಸುವಾಗ ರದ್ದಿಯವನಿಗೆ ಹಾಕಬೇಡಿ. ಹಿಂಬದಿಯಲ್ಲಿ ಹೆಸರು, ಇಸವಿ ಬರೆದಿಡಿ. ಬರೆಯಬಲ್ಲ ಹಿರಿಯರು ಇನ್ನೂ ಮನೆಯಲ್ಲಿದ್ದಾರೆ.