ಹಡಗು ಒಡೆದರೇ ಪೇಟೆ ನಡೆದೀತು

2014ರ ಜನವರಿ 27ರಂದು ‘ಈವ್ ಆನ್‌ಲೈನ್’ ಎಂಬ ಬಾಹ್ಯಾಕಾಶ ಯುದ್ಧದ ಕಂಪ್ಯೂಟರ್ ಆಟದಲ್ಲಿ ಆಟಗಾರರ ಒಂದು ಬಣ ತನ್ನ ವಶದಲ್ಲಿದ್ದ ನಕ್ಷತ್ರ ಮಂಡಲದ ಶುಲ್ಕ ಕಟ್ಟುವುದು ತಪ್ಪಿಹೋಯಿತು. ಒಡೆತನ ಕೈಜಾರಿತು, ಎದುರಾಳಿಗಳು ನುಗ್ಗಿದರು. ಸುಮಾರು 21 ಗಂಟೆ ನಡೆದ ಕಾಳಗದಲ್ಲಿ ಸಾವಿರಾರು ಆಟಗಾರರು ಸೇರಿ ‘ಟೈಟನ್’ ಎಂಬ 75 ದೈತ್ಯ ಹಡಗುಗಳನ್ನು ಪುಡಿಗಟ್ಟಿದರು. ಸರ್ವರ್ ಕುಸಿಯದಿರಲೆಂದು ಆಟದೊಳಗಿನ ಕಾಲವೇ ಹತ್ತನೇ ಒಂದು ಭಾಗದ ವೇಗಕ್ಕೆ ಇಳಿದಿತ್ತು.

ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ತಂದ ಈ ಆಟದಲ್ಲಿ ಒಡೆದ ಹಡಗು ಮರಳಿ ಬರುವುದಿಲ್ಲ. ಹಡಗುಗಳಲ್ಲಿ ಬಹುಪಾಲು ಆಟಗಾರರೇ ಅದಿರು ಅಗೆದು, ಕಟ್ಟಿ, ಮಾರಿದವು. ಯಾರೂ ಏನನ್ನೂ ಕಳೆದುಕೊಳ್ಳದಿದ್ದರೆ ಹೊಸ ಹಡಗು ಕೊಳ್ಳುವವರಿರುವುದಿಲ್ಲ. ಆಗ ಅಗೆಯುವವನಿಗೂ ಕಟ್ಟುವವನಿಗೂ ಕೆಲಸವಿಲ್ಲ. ಅಲ್ಲಿನ ಪೇಟೆಯ ಉಸಿರಿರುವುದೇ ನಷ್ಟದಲ್ಲಿ.

ಆದರೆ ಮನುಷ್ಯನ ಮನಸ್ಸು ಇದಕ್ಕೆ ಒಗ್ಗುವುದಿಲ್ಲ. ನೂರು ರೂಪಾಯಿ ಸಿಕ್ಕ ಖುಷಿಗಿಂತ ನೂರು ಕಳೆದ ಸಂಕಟ ಹೆಚ್ಚು ಎಂಬುದನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್‌ಸ್ಕಿ 1979ರಲ್ಲೇ ವಿವರಿಸಿದ್ದರು. ಹಾಗಾಗಿ ಆಟಗಾರ ಹಡಗನ್ನು ನಿಲ್ದಾಣದಲ್ಲೇ ಕಟ್ಟಿಹಾಕಿ ಕೂರುತ್ತಾನೆ. ಬೇಸರವಾದ ದಿನ ಆಟವನ್ನೇ ಬಿಡುತ್ತಾನೆ.

ಅವನನ್ನು ಹೆದರಿಸಿ ಹೊರಗೆಳೆಯಲಾಗದು. ಕಂಪನಿ ಒಮ್ಮೆ ಅಪಾಯ ಹೆಚ್ಚಿಸಿ ನೋಡಿತ್ತು. ಆಟಗಾರನಿರುವ ಮಂಡಲದಲ್ಲಿ ಯಾರ್‍ಯಾರಿದ್ದಾರೆ ಎಂದು ತೋರಿಸುವ ಪಟ್ಟಿಯೊಂದು ಪರದೆಯ ಮೇಲಿರುತ್ತದೆ. ಅಪರಿಚಿತ ಹೆಸರು ಕಂಡೊಡನೆ ಗಣಿಗಾರರು ಓಡಿ ಬಚಾವಾಗುತ್ತಾರೆ. 2019ರ ಜುಲೈನಲ್ಲಿ ಕಂಪನಿ ಕಾನೂನಿಲ್ಲದ ಗಡಿ ಪ್ರದೇಶಗಳಲ್ಲಿ ಈ ಪಟ್ಟಿಯನ್ನು ಮರೆಮಾಡಿತು. ಅಪಾಯ ಹೆಚ್ಚಿತೇನೋ ನಿಜ, ಆಟಕ್ಕೆ ಬರುವವರು ಕಡಿಮೆಯಾದರು. ಸೆಪ್ಟೆಂಬರಿನಲ್ಲಿ ಪಟ್ಟಿ ಮರಳಿ ಬಂತು.

ನನಗೆ ಮೆಚ್ಚುಗೆಯಾಗುವುದು ನಷ್ಟದ ಈ ಭಯಕ್ಕೆ ಆಟಗಾರರೇ ಕಂಡುಕೊಂಡ ದಾರಿ. ಆಟದಲ್ಲಿ ವಿಮೆಯೇನೋ ಇದೆ, ಆದರೆ ಅದು ಹಡಗಿನ ಪೂರ್ತಿ ಬೆಲೆ ತುಂಬಿಕೊಡುವುದಿಲ್ಲ. ಅದಕ್ಕೆ ದೊಡ್ಡ ಬಣಗಳು ತಮ್ಮದೇ ಪರಿಹಾರ ನಿಧಿ ಇಟ್ಟಿವೆ. ಬಣದ ಕರೆಗೆ ಓಗೊಟ್ಟು, ಹೇಳಿದ ಮಾದರಿಯ ಹಡಗನ್ನೇ ತಂದು ಕಳೆದುಕೊಂಡವನು ಹಡಗು ಒಡೆದ ದಾಖಲೆ ಸಲ್ಲಿಸುತ್ತಾನೆ. ನಿಧಿಯವರು ಅದನ್ನು ತಾಳೆ ನೋಡಿ ಹಣ ಕೊಡುತ್ತಾರೆ. ಒಬ್ಬನ ಹೊರೆ ನೂರಾರು ಹೆಗಲಿಗೆ ಹಂಚಿಹೋಗುತ್ತದೆ, ಪೇಟೆಗೆ ಮಾತ್ರ ಒಂದು ಹಡಗಿನ ಬೇಡಿಕೆ ಹಾಗೇ ಉಳಿಯುತ್ತದೆ. ಹೊಸಬರಿಗೆಂದೇ ಇರುವ ಬಣಗಳು ಇನ್ನೂ ಮುಂದೆ ಹೋಗಿ, ಅಗ್ಗದ ಪುಟ್ಟ ಹಡಗುಗಳನ್ನು ಪುಕ್ಕಟೆಯಾಗಿ ಕೈಗಿತ್ತು ನೇರ ಕಾಳಗಕ್ಕೇ ಕರೆದೊಯ್ಯುತ್ತವೆ.