ಸದ್ದುಂಟು, ಚಿತ್ರವಿಲ್ಲ

ಗಣಕಯಂತ್ರದ ಗುಂಡಿಯನ್ನು ಒತ್ತಿದೊಡನೆ ಪೆಟ್ಟಿಗೆಯೊಳಗಿನಿಂದ ಬಿರುಗಾಳಿಯಂಥ ಸದ್ದು ಏಳುತ್ತದೆ. ತೆರೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಹೀಗಾದೊಡನೆ ಗ್ರಾಫಿಕ್ಸ್ ಕಾರ್ಡು ಕೆಟ್ಟಿತೆಂದು ತೀರ್ಮಾನಿಸಿ ಅಂಗಡಿಗೆ ಓಡುವವರೇ ಹೆಚ್ಚು. ಕಾರ್ಡೆಂದರೆ ಅಗ್ಗದ ವಸ್ತುವಲ್ಲ. ಆದುದರಿಂದ ಅದು ನಿಜವಾಗಿ ಸತ್ತಿದೆಯೇ, ಇಲ್ಲವೆ ಹಸಿದಿದೆಯೇ ಎಂಬುದನ್ನು ಹಣ ತೆರುವ ಮುನ್ನವೇ ತಿಳಿಯುವುದು ಲೇಸು.

ಹಸಿವೆಂದದ್ದು ವಿನೋದಕ್ಕಲ್ಲ. ಕಾರ್ಡನ್ನು ಕೂರಿಸುವ ಪಿಸಿಐ ಎಕ್ಸ್‌ಪ್ರೆಸ್ ಸೀಳುಗಂಡಿಯು ಹೆಚ್ಚೆಂದರೆ 75 ವ್ಯಾಟ್ ಶಕ್ತಿಯನ್ನು ಒದಗಿಸಬಲ್ಲುದು. ಅದಕ್ಕೂ ಮಿಗಿಲಾಗಿ ಬೇಡುವ ಕಾರ್ಡಿಗೆ ವಿದ್ಯುತ್ ಪೂರೈಕೆಯ ಘಟಕದಿಂದ ಪ್ರತ್ಯೇಕ ತಂತಿ ಬರಬೇಕು. ಆರು ಪಿನ್ನಿನ ತಂತಿ 75 ವ್ಯಾಟ್, ಎಂಟು ಪಿನ್ನಿನದು 150 ವ್ಯಾಟ್ ತರುವಂತೆ ನಿಯಮಿತವಾಗಿದೆ. ಈ ತಂತಿ ಸಡಿಲವಾಗಿದ್ದರೆ ಕಾರ್ಡಿನ ಸಂಸ್ಕಾರಕವು ಎಚ್ಚರಗೊಳ್ಳುವುದೇ ಇಲ್ಲ.

ಹಾಗಾದರೆ ಸದ್ದೇಕೆ? ಫ್ಯಾನಿನ ವೇಗವನ್ನು ತಗ್ಗಿಸುವುದು ಕಾರ್ಡಿನದೇ ನಿಯಂತ್ರಣ ಸಂಕೇತ. ನಾಲ್ಕು ತಂತಿಯ ಫ್ಯಾನಿಗೆ ಆ ಸಂಕೇತ ಬಾರದಿದ್ದಲ್ಲಿ ಅದು ಪೂರ್ಣವೇಗದಲ್ಲಿಯೇ ತಿರುಗುತ್ತದೆ. ಬಿಸಿ ತಿಳಿಯದಾಗ ಗಾಳಿ ಹೆಚ್ಚೇ ಇರಲಿ ಎಂಬುದು ರಚಿಸಿದವರ ಎಚ್ಚರಿಕೆ. ಅಬ್ಬರವುಂಟು, ಚಿತ್ರವಿಲ್ಲ ಎಂದರೆ ಫ್ಯಾನಿಗೆ ವಿದ್ಯುತ್ತು ತಲಪಿದೆ, ಆದರೆ ಆಳುವವನು ಎದ್ದಿಲ್ಲ ಎಂದು ಊಹಿಸಬಹುದು.

ಎಲ್ಲ ಸದ್ದೂ ಇಂಥದಲ್ಲ. ಕರಕರ ಎಂಬುದು ಬೇರಿಂಗಿನ ಸವೆತ. ಟಕಟಕ ಎಂದರೆ ಯಾವುದೋ ತಂತಿ ರೆಕ್ಕೆಗೆ ತಾಗುತ್ತಿದೆ. ಆಟವಾಡುವಾಗ ಕೇಳುವ ಕೀಚಲು ದನಿಯು ಸುರುಳಿಗಳ ಕಂಪನದ್ದು. ಕಿವಿಗೆ ಹಿಂಸೆಯೇ ಹೊರತು ಕಾರ್ಡಿಗೆ ಅಪಾಯವಿಲ್ಲ. ಸುಸ್ಥಿತಿಯಲ್ಲಿದ್ದೂ ಅಬ್ಬರಿಸಿದ ಕಾರ್ಡುಗಳುಂಟು: 2003ರ ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಎಷ್ಟು ಸದ್ದು ಮಾಡುತ್ತಿತ್ತೆಂದರೆ, ತಯಾರಿಸಿದ ಎನ್‌ವಿಡಿಯಾದವರೇ ಅದನ್ನು ಗೇಲಿಮಾಡಿ ಒಂದು ಕಿರುಚಿತ್ರ ತೆಗೆದರು!

ಒಣಗಿದ ಬೇರಿಂಗಿಗೆ ಹೊಲಿಗೆಯಂತ್ರದ ಎಣ್ಣೆಯ ಒಂದು ತೊಟ್ಟು ಕೆಲಕಾಲ ಜೀವ ಕೊಡುತ್ತದೆ. ತೆಂಗಿನೆಣ್ಣೆ ಕೂಡದು, ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಅದು ಹೆಪ್ಪುಗಟ್ಟುತ್ತದೆ.

ಇನ್ನು ಪರೀಕ್ಷೆ. ಮೊದಲು ಮಾನಿಟರಿನ ತಂತಿ ಕಾರ್ಡಿಗೇ ಸೇರಿದೆಯೋ, ಮದರ್‌ಬೋರ್ಡಿನ ಕಂಡಿಗೆ ಸೇರಿದೆಯೋ ನೋಡಬೇಕು. ಇದು ನಗೆಗೀಡಾದ ಮಾತಾದರೂ ಬಹುಸಲ ಇಲ್ಲಿಯೇ ಗುಟ್ಟು ಬಯಲಾಗುತ್ತದೆ. ಅನಂತರ ಗೋಡೆಯ ಪ್ಲಗ್ಗನ್ನು ಕಿತ್ತು, ಯಂತ್ರದ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಟ್ಟು, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಾಯಿವಿದ್ಯುತ್ತನ್ನು ಕಳೆದುಕೊಂಡು, ಕಾರ್ಡನ್ನು ಹೊರತೆಗೆಯಬೇಕು. ಅದರ ಚಿನ್ನಲೇಪಿತ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಬಹುದು. ರಬ್ಬರಿನಿಂದ ತಿಕ್ಕುವ ವಾಡಿಕೆ ನಮಗೆ ಒಪ್ಪಿಗೆಯಿಲ್ಲ, ಲೇಪವೇ ಸವೆಯುತ್ತದೆ. ಮರಳಿ ಕೂರಿಸುವಾಗ ಕೊಕ್ಕೆಯು ಟಕ್ಕೆಂದು ಬೀಳುವವರೆಗೂ ಒತ್ತಬೇಕು.

ಇಷ್ಟಾಗಿಯೂ ಚಿತ್ರ ಬಾರದಿದ್ದರೆ, ಸಂಸ್ಕಾರಕದಲ್ಲಿಯೇ ಗ್ರಾಫಿಕ್ಸ್ ಸೌಕರ್ಯವಿರುವ ಯಂತ್ರದಲ್ಲಿ ಕಾರ್ಡನ್ನು ತೆಗೆದಿಟ್ಟು ಮದರ್‌ಬೋರ್ಡಿನಿಂದಲೇ ಚಿತ್ರ ಪಡೆಯಲು ಯತ್ನಿಸಬೇಕು. ಚಿತ್ರ ಬಂದರೆ ಮಾನಿಟರು, ಮೆಮೊರಿ ಮೊದಲಾದವು ನಿರ್ದೋಷಿಗಳು. ಇಲ್ಲಿ ಅವಸರ ಸಲ್ಲದು: ಕಾರ್ಡನ್ನು ತೆಗೆದೊಡನೆ ಹೊರೆ ಇಳಿದಿರುವುದರಿಂದ, ದುರ್ಬಲ ವಿದ್ಯುತ್ ಘಟಕವೂ ಆಗ ಸಾಧುವಿನಂತೆ ನಡೆದುಕೊಳ್ಳುತ್ತದೆ. ಸಾಕಷ್ಟು ವ್ಯಾಟ್ ಉಳ್ಳ ಸ್ನೇಹಿತನ ಯಂತ್ರದಲ್ಲಿ ಕಾರ್ಡನ್ನು ಕೂರಿಸಿ ನೋಡಿದಲ್ಲದೆ ತೀರ್ಪು ಕೊಡಲಾಗದು. ಅಲ್ಲಿಯೂ ಮೌನವಾದರೆ ಕಾರ್ಡೇ ಅಪರಾಧಿ.

ಸತ್ತ ಕಾರ್ಡನ್ನು ಅಡಿಗೆಯ ಓವನ್ನಿನಲ್ಲಿ ಬೇಯಿಸಿ ಬದುಕಿಸುವ ವಿದ್ಯೆಯೊಂದು ಪ್ರಚಾರದಲ್ಲಿದೆ. ಚಿಪ್ಪಿನಡಿಯ ಬೆಸುಗೆ ಗುಬ್ಬಿಗಳು ಕಾದು ತಣಿದು ಬಿರಿಯುವುದುಂಟು. 2008ರಲ್ಲಿ ಇಂಥ ದೋಷಕ್ಕಾಗಿ ಎನ್‌ವಿಡಿಯಾ ಸಂಸ್ಥೆಯು 15ರಿಂದ 20 ಕೋಟಿ ಡಾಲರುಗಳನ್ನು ತೆಗೆದಿಡಬೇಕಾಯಿತು. ಕಾಯಿಸಿದಾಗ ಬಿರುಕಿನ ಅಂಚುಗಳು ತಾತ್ಕಾಲಿಕವಾಗಿ ಕೂಡಿ ಕಾರ್ಡು ಕೆಲವು ದಿನ ನಡೆದೀತು. ಬಿರುಕು ಮಾತ್ರ ಮಾಯದು. ಪ್ಲಾಸ್ಟಿಕ್ಕು, ಬೆಸುಗೆಯ ಮೇಣ ಕಾದು ಹೊಮ್ಮುವ ಹೊಗೆ ಶ್ವಾಸಕ್ಕೆ ಕೆಡುಕು. ಅಂಥ ಓವನ್ನಿನಲ್ಲಿ ಮತ್ತೆ ರೊಟ್ಟಿ ಬೇಯಿಸುವುದಂತೂ ಬೇಡ.